ಮಸ್ಕಿ ಹಿಡಿಯುವ ರಾತ್ರಿ: ಎತ್ತ ನೋಡಬೇಕು?

ರಾತ್ರಿಯ ಮಸ್ಕಿ ಮೀನಿನ ಬೇಟೆಗೆ ಮೊದಲ ಸಲ ಜೊತೆಗೂಡಿದವರು ಸಾಮಾನ್ಯವಾಗಿ ನೀರನ್ನೇ ದಿಟ್ಟಿಸುತ್ತ ಕೂರುತ್ತಾರೆ. ಅಲ್ಲಿ ಕಾಣುವಂಥದ್ದು ಏನೂ ಇಲ್ಲ. ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಏಳು ಗಂಟೆಗೆಲ್ಲ ಕತ್ತಲು ಕವಿದಿರುತ್ತದೆ. ದಡದ ದೀಪಗಳು ದೂರ. ಮೋಟಾರು ಗುರುಗುಡುತ್ತಿರುತ್ತದೆ, ದೋಣಿಯ ಹಿಂದೆ ನಕಲಿ ಮೀನು ಎಳೆಸಿಕೊಂಡು ಬರುತ್ತಿರುತ್ತದೆ, ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಹಗಲೆಲ್ಲ ಗಾಳ ಬೀಸಿ ರಟ್ಟೆ ನೋಯಿಸಿಕೊಳ್ಳುವ ಕೆಲವರು ಹೀಗೆ ದೋಣಿಯಿಂದ ಗಾಳ ಎಳೆಯುವ ಟ್ರೋಲಿಂಗ್ ಎಂದರೆ ಸೋಮಾರಿಗಳ ಆಟ, ಮೋಟಾರಿಗೇ ಬಹುಮಾನ ಕೊಡಿ ಎಂದು ಮೂಗು ಮುರಿಯುತ್ತಾರೆ. ಅವರು ನೋಡಬೇಕಾದ ಕಡೆ ನೋಡಿಲ್ಲ, ಅಷ್ಟೆ. ನೋಡಬೇಕಾದ್ದು ಎರಡು: ಚುಕ್ಕಾಣಿ ಹಿಡಿದವನ ಕೈ, ಮತ್ತು ಗಾಳದ ಕೋಲಿನ ತುದಿ.

ಮೀನಿನ ವಿಷಯ ಸ್ವಲ್ಪ ತಿಳಿದಿರಲಿ. ಮಸ್ಕಿಯ ಪೂರ್ತಿ ಹೆಸರು ಮಸ್ಕೆಲಂಜ್. ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ; ನಾಲ್ಕಡಿ ಮೀರಿ ಬೆಳೆಯುತ್ತದೆ, ದೊಡ್ಡವೆಲ್ಲ ಹೆಣ್ಣುಗಳೇ. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಸಿಗುತ್ತದೆ ಎಂಬುದು ಅಲ್ಲಿನವರ ಮಾತು. ದಾಖಲೆಗಳ ಕಥೆಗೆ ಮಾತ್ರ ಹೆಚ್ಚು ಕಿವಿಗೊಡಬೇಡಿ. ವಿಸ್ಕಾನ್ಸಿನ್‌ನ ಹೇವರ್ಡ್ ಸುತ್ತಮುತ್ತ 1949ರಲ್ಲಿ ಹಿಡಿದರೆನ್ನುವ ಎರಡು ಮೀನುಗಳನ್ನು ಎರಡು ಸಂಸ್ಥೆಗಳು ಬೇರೆ ಬೇರೆಯಾಗಿ ವಿಶ್ವದಾಖಲೆ ಎಂದು ಮಾನ್ಯ ಮಾಡಿವೆ. ಎರಡರ ಬಗೆಗೂ ಜಗಳ ಇಂದಿಗೂ ಮುಗಿದಿಲ್ಲ. ಅದೇ ಊರಿನಲ್ಲಿ ಮಸ್ಕಿಯ ಆಕಾರದ, 143 ಅಡಿ ಉದ್ದದ ಕಟ್ಟಡವೇ ಇದೆ, ಜನ ಅದರ ಬಾಯೊಳಗೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹುಚ್ಚಿನ ಅಂದಾಜಿಗೆ ಇಷ್ಟು ಸಾಕು.

ಶರತ್ಕಾಲವೇ ಯಾಕೆ? ಟಲಿಬೀ ಎಂಬ ಕೊಬ್ಬಿದ ಬೆಳ್ಳಿ ಮೀನು ಬೇಸಿಗೆಯೆಲ್ಲ ತಣ್ಣನೆಯ ಆಳದ ನೀರಿನಲ್ಲಿದ್ದು, ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಹೊತ್ತಿಗೆ ಮೊಟ್ಟೆಯಿಡಲು ಕಲ್ಲುದಿಣ್ಣೆಗಳ ಮೇಲೇರಿ ಬರುತ್ತದೆ. ಚಳಿಗಾಲಕ್ಕೆ ಮೈ ತುಂಬಿಸಿಕೊಳ್ಳಬೇಕಾದ ಮಸ್ಕಿ ಅದರ ಬೆನ್ನಿಗೇ ಬರುತ್ತದೆ. ಇನ್ನು ಕತ್ತಲು ಮಸ್ಕಿಗೆ ತೊಡಕೇ ಅಲ್ಲ. ಅದರ ಮೈಯ ಪಕ್ಕದ ಗೆರೆ ನೀರಿನ ಕಂಪನವನ್ನು ಗ್ರಹಿಸುತ್ತದೆ. ಕೆಳದವಡೆಯ ಅಡಿಯಲ್ಲೂ ಒಂದೊಂದು ಪಕ್ಕಕ್ಕೆ ಆರರಿಂದ ಒಂಬತ್ತು ಸಂವೇದನಾ ರಂಧ್ರಗಳಿವೆ. ಆದ್ದರಿಂದ ರಾತ್ರಿಯ ನಕಲಿ ಮೀನಿಗೆ ಬಣ್ಣಕ್ಕಿಂತ ಸೊಂಟ ಮುಖ್ಯ, ಅಗಲವಾಗಿ ಒಲೆಯಬೇಕು. ಚಂದ್ರ ಹುಟ್ಟುವ, ಮುಳುಗುವ ಗಳಿಗೆಯಲ್ಲಿ ಕಚ್ಚುತ್ತದೆಂದು ಪಂಚಾಂಗ ನೋಡುವವರೂ ಇದ್ದಾರೆ. ನನಗೆ ಗಾಳಿಯ ದಿಕ್ಕಿನ ಮೇಲಿರುವಷ್ಟು ನಂಬಿಕೆ ಚಂದ್ರನ ಮೇಲಿಲ್ಲ.

ಈಗ ಕೋಲಿನ ತುದಿಗೆ ಬನ್ನಿ. ನಕಲಿ ಮೀನು ಅಂಗೈಗಿಂತ ಉದ್ದ, ಮೂತಿಯ ಕೆಳಗೆ ಗಟ್ಟಿ ತುಟಿ. ಎಳೆದರೆ ಆ ತುಟಿ ನೀರನ್ನು ಬಗೆದು ಅದನ್ನು ಕೆಳಗೆ ಇಳಿಸುತ್ತದೆ, ಎಳೆತ ಸಡಿಲಿಸಿದರೆ ತೇಲಿ ಮೇಲೆ ಬರುತ್ತದೆ. ಎಷ್ಟು ಅಡಿ ದಾರ ಬಿಟ್ಟಿದೆ ಎಂದು ರೀಲೇ ಎಣಿಸಿ ತೋರಿಸುತ್ತದೆ. ಅಚ್ಚರಿಯೆಂದರೆ ಕತ್ತಲಲ್ಲಿ ಮಸ್ಕಿ ಮೋಟಾರಿಗೆ ಅಷ್ಟಾಗಿ ಹೆದರದು, ದೋಣಿಯ ಹಿಂದೆ ಮೂವತ್ತು ನಲವತ್ತು ಅಡಿಗೂ ಬಂದು ಎರಗುತ್ತದೆ. ಎಲ್ಲ ಸರಿಯಿದ್ದಾಗ ತುದಿ ತಂಬೂರಿಯ ಶ್ರುತಿಯಂತೆ ಒಂದೇ ಸಮ ಮಿಡಿಯುತ್ತಿರುತ್ತದೆ. ಮಿಡಿತ ಮಂಕಾದರೆ ಕೊಕ್ಕೆಗೆ ಜೊಂಡು ಸಿಕ್ಕಿದೆ. ಅದನ್ನು ಗಮನಿಸದೆ ಅರ್ಧ ಗಂಟೆ ಹುಲ್ಲು ಎಳೆದವರು ಬೇಕಾದಷ್ಟು ಮಂದಿ. ಮಿಡಿತದ ನಡುವೆ ಟಕ್, ಟಕ್‌ಟಕ್ ಎಂದು ತುದಿ ಬೆಚ್ಚಿದರೆ ತುಟಿ ಕಲ್ಲಿಗೆ ತಾಗಿದೆ. ಆ ಕ್ಷಣ ಉಸಿರು ಬಿಗಿಹಿಡಿಯಬೇಕಾದ್ದು. ಕಲ್ಲಿಗೆ ತಾಗಿ ತತ್ತರಿಸಿ ಮತ್ತೆ ನೆಟ್ಟಗಾಗುವ ಆ ಗಳಿಗೆಯಲ್ಲೇ ಹೊಡೆತ ಹೆಚ್ಚು.

ಚುಕ್ಕಾಣಿಯವನ ಕೆಲಸ ಆ ತುಟಿಯನ್ನು ಆಗಾಗ ಕಲ್ಲಿಗೆ ತಾಗಿಸುವುದು, ಆದರೆ ಸಿಕ್ಕಿಸದಿರುವುದು. ದಿಣ್ಣೆಯ ಅಂಚು ನೇರವಾಗಿರುವುದಿಲ್ಲ, ಗಾಳಿ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ನಡಿಗೆಯಷ್ಟೇ; ನೀರು ಇನ್ನೂ ತಣಿದರೆ ಅದಕ್ಕೂ ಕಡಿಮೆ. ತಿರುವುಗಳನ್ನು ವಿಶೇಷವಾಗಿ ಗಮನಿಸಿ. ದೋಣಿ ಎಡಕ್ಕೆ ತಿರುಗಿದರೆ ಬಲಗಡೆಯ ಗಾಳ ದೂರ ಸುತ್ತಬೇಕು, ವೇಗವಾಗುತ್ತದೆ. ಎಡಗಡೆಯದು ತಡೆದು ಮೇಲೇಳುತ್ತದೆ. ಯಾವುದಕ್ಕೆ ಮೀನು ಬಿತ್ತೋ ಅದು ಅಂದಿನ ರಾತ್ರಿಯ ವೇಗ ಯಾವುದೆಂದು ಹೇಳಿತು. ಪಳಗಿದವರು ನೇರ ದಾರಿಯಲ್ಲೂ ಸುಮ್ಮನೆ ಹಾವಿನ ಹೆಜ್ಜೆ ಹಾಕುವುದು ಈ ಪ್ರಶ್ನೆ ಕೇಳಲಿಕ್ಕೇ. ಇದು ಗೊತ್ತಾದ ಮೇಲೆ ಗಂಟೆಗಟ್ಟಲೆ ಏನೂ ನಡೆಯಲಿಲ್ಲ ಎನ್ನಲು ಯಾರಿಗೂ ಬಾಯಿ ಬಾರದು.

ಹೊಡೆತ ಬಿದ್ದಾಗ ಹೇಳಿಕೊಡಬೇಕಿಲ್ಲ. ಕೋಲು ಬಾಗುತ್ತದೆ, ರೀಲು ಕಿರುಚುತ್ತದೆ, ಎಲ್ಲರೂ ಒಟ್ಟಿಗೆ ಎದ್ದು ಒಬ್ಬರನ್ನೊಬ್ಬರು ತುಳಿಯುತ್ತಾರೆ. ರಸಿಕತೆಯ ಪರೀಕ್ಷೆ ಇರುವುದು ಆಮೇಲೆ. ಮೀನು ಬಲೆಯಲ್ಲಿ, ನೀರಿನೊಳಗೇ ಇರಬೇಕು. ಕೊಕ್ಕೆ ಬಿಡಿಸಲಾಗದಿದ್ದರೆ ಕಟರಿನಿಂದ ಕೊಕ್ಕೆಯನ್ನೇ ಕತ್ತರಿಸಬೇಕು. ಗಾಳಿಯ ತಾಪ ಸೊನ್ನೆಗಿಂತ ಕೆಳಗಿದ್ದರೆ ಮೇಲೆತ್ತಿದ ಮೀನಿನ ಕಿವಿರು, ಕಣ್ಣು ಹೆಪ್ಪುಗಟ್ಟುತ್ತವೆ, ಆದ್ದರಿಂದ ಫೋಟೋ ಆಸೆ ಒಂದೆರಡು ಕ್ಷಣಕ್ಕೆ ಮುಗಿಯಲಿ. ಭೀಮೇಶ್ವರಿ, ಗಾಳಿಬೋರೆ ಕಡೆ ರಾಗಿಮುದ್ದೆ ಸಿಕ್ಕಿಸಿ ಕಾವೇರಿಯ ಬಿಳಿಮೀನು ಹಿಡಿದು ಮತ್ತೆ ಹೊಳೆಗೆ ಬಿಡುತ್ತಿದ್ದವರ ಬಗ್ಗೆ ಕೇಳಿದವರಿಗೆ ಈ ಶಿಸ್ತು ಹೊಸದಲ್ಲ. ಮಿನೆಸೋಟದಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ, ದೊಡ್ಡದನ್ನೂ ಬಿಡುವುದೇ ರೂಢಿ. 2021ರ ನವೆಂಬರಿನಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ 25 ಕಿಲೋ ಮೀರಿದ ಮಸ್ಕಿ ಸಿಕ್ಕಿ 1957ರ ರಾಜ್ಯ ದಾಖಲೆ ಮುರಿಯಿತು. ಅದನ್ನೂ ನೀರಿಗೆ ಬಿಡಲು ಹೆಣಗಿ, ಚೇತರಿಸಿಕೊಳ್ಳುವುದಿಲ್ಲ ಎಂದಾದ ಮೇಲೆ ದಡಕ್ಕೆ ತಂದದ್ದು.

ಉಡುಪಿನ ಬಗ್ಗೆ ಒಂದೇ ಮಾತು: ಸ್ವೆಟರು ಎಷ್ಟೇ ಇರಲಿ, ಲೈಫ್ ಜಾಕೆಟ್ ಎಲ್ಲದರ ಮೇಲೆ. ಆ ನೀರಿಗೆ ಬಿದ್ದರೆ ಈಜು ಬಲ್ಲವರಿಗೂ ಮೊದಲು ಉಸಿರೇ ಕೈಕೊಡುತ್ತದೆ. ತಲೆದೀಪವನ್ನು ಚುಕ್ಕಾಣಿಯವನ ಮುಖಕ್ಕೆ ಹಿಡಿಯಬೇಡಿ, ಕತ್ತಲಿಗೆ ಒಗ್ಗಿದ ಕಣ್ಣು ಮತ್ತೆ ಒಗ್ಗಲು ಬಹಳ ಹೊತ್ತು ಬೇಕು.

ಮೊದಲ ರಾತ್ರಿ ಪ್ರಯಾಣಿಕರಾಗಿಯೇ ಇರಿ. ಎರಡನೆಯ ರಾತ್ರಿ ಚುಕ್ಕಾಣಿ ಕೇಳಿ. ಗಾಳಿಗೆ ಎದುರಾಗಿ ಶುರುಮಾಡಿ, ವೇಗ ಹತೋಟಿಯಲ್ಲಿರುತ್ತದೆ. ನಕ್ಷೆಯ ಪರದೆಯಲ್ಲಿ ನಾಲ್ಕು ಮೀಟರ್ ಆಳದ ಗೆರೆ ಹಿಡಿದು ಹೋಗಿ, ಆದರೆ ಪರದೆಗಿಂತ ಕೋಲಿನ ತುದಿಯನ್ನು ನಂಬಿ. ಟಕ್‌ಟಕ್ ಒಂದೇ ಸಮ ಆಗುತ್ತಿದ್ದರೆ ದಿಣ್ಣೆಗೆ ಏರುತ್ತಿದ್ದೀರಿ, ಪೂರ್ತಿ ನಿಂತರೆ ಆಳಕ್ಕೆ ಜಾರಿದ್ದೀರಿ. ದೋಣಿಯ ಯಜಮಾನ ಇನ್ನೂ ಚುಕ್ಕಾಣಿ ವಾಪಸು ಕೇಳಿಲ್ಲವೆಂದರೆ ಸರಿಯಾಗಿಯೇ ನಡೆಸುತ್ತಿದ್ದೀರಿ.