ಗರ್ಭಸ್ಥ ಶಿಶುವಿನ ಕಣ್ಣು: ಪ್ರತಿಧ್ವನಿಯ ಸಾಕ್ಷ್ಯ

ಗರ್ಭಸ್ಥ ಶಿಶುವಿನ ಅಂಗರಚನೆಯನ್ನು ಪರಿಶೀಲಿಸುವ ಮಧ್ಯಕಾಲದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಣ್ಣಿಗೆ ಸಂದಿರುವ ಸ್ಥಾನ ಅಲ್ಪವಾದುದು. ಪ್ರಸೂತಿ ಅಲ್ಟ್ರಾಸೌಂಡಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಘವು 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಕಣ್ಣಿನ ಮಟ್ಟಿಗೆ, ಎರಡು ಗೂಡುಗಳೂ ಇವೆಯೇ ಎಂಬುದನ್ನಷ್ಟೆ ಕನಿಷ್ಠ ಅಗತ್ಯವೆಂದು ಎಣಿಸಿತು. ಗೂಡಿನೊಳಗಣ ಮಸೂರದ ಮಾತು ಆ ಪಟ್ಟಿಯಲ್ಲಿಲ್ಲ. ‘ಕಣ್ಣುಗೂಡುಗಳು ಕಂಡಿವೆ’ ಎಂಬ ವರದಿಯನ್ನು ತಾಯಿತಂದೆಗಳು ‘ಮಗುವಿಗೆ ದೃಷ್ಟಿಯಿದೆ’ ಎಂದು ಓದಿಕೊಳ್ಳುವುದು ಸಹಜ. ವರದಿಯಾದರೋ ಹಾಗೆ ಹೇಳಿಲ್ಲ. ಈ ಎರಡು ಅರ್ಥಗಳ ನಡುವಣ ಅಂತರವನ್ನು ಪರೀಕ್ಷಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದಂದಿನಿಂದ ಈ ವಿದ್ಯೆ ಬಹಳ ಮುಂದುವರಿದಿದೆ, ನಿಜ. ಕಣ್ಣುಗುಡ್ಡೆಯೇ ಇಲ್ಲದಿರುವುದು, ಅದು ಅತಿ ಕಿರಿದಾಗಿರುವುದು, ಎರಡು ಕಣ್ಣುಗಳ ನಡುವಣ ಅಂತರ ಹೆಚ್ಚು ಕಡಮೆಯಾಗಿರುವುದು, ಇವನ್ನು ಅಳತೆಯಿಂದ ಗುರುತಿಸಬಹುದು. ಇಂಥ ದೋಷಗಳು ಮೆದುಳಿನ ರಚನಾದೋಷಗಳೊಡನೆ ಕೂಡಿಬರುವುದುಂಟಾದ್ದರಿಂದ ಇವುಗಳ ಪತ್ತೆಗೆ ಎರಡು ಪಟ್ಟು ಬೆಲೆಯಿದೆ. ಆಕಾರದ ವಿಷಯದಲ್ಲಿ ಪ್ರತಿಧ್ವನಿ ನಂಬತಕ್ಕ ಸಾಕ್ಷಿ.

ಮಸೂರದ ವಿಷಯ ಬೇರೆ. ಆರೋಗ್ಯವಂತ ಭ್ರೂಣದ ಮಸೂರವು ತೆರೆಯ ಮೇಲೆ ತೆಳುವಾದ ಬಿಳಿಯ ಬಳೆಯಂತೆ, ನಡುವೆ ಕಪ್ಪಾಗಿ ತೋರುತ್ತದೆ. ಪೊರೆ ದಟ್ಟವಾಗಿದ್ದರೆ ಆ ಕಪ್ಪಿನ ಜಾಗವೂ ಬೆಳ್ಳಗಾಗಬಹುದು, ಅಥವಾ ಬಳೆಯೊಳಗೊಂದು ಬಳೆ ಕಾಣಬಹುದು. ಆದರೆ ಪಾರದರ್ಶಕತೆಯೆಂಬುದು ಬೆಳಕಿಗೆ ಸಂಬಂಧಿಸಿದ ಗುಣ. ಶಬ್ದಕ್ಕೆ ಅದರ ಪರಿಚಯವಿಲ್ಲ. ಬೆಳಕನ್ನು ಚದರಿಸುವ ಕಿರಿದಾದ ಪೊರೆಯೊಂದು ಶಬ್ದತರಂಗಕ್ಕೆ ಯಾವ ತಡೆಯನ್ನೂ ಒಡ್ಡದೆ ಹೋಗಬಹುದು. ಆದಕಾರಣ ಕಪ್ಪಾಗಿ ಕಂಡ ಮಸೂರವೆಲ್ಲ ತಿಳಿಯಾದುದೆಂಬ ತೀರ್ಮಾನ ತರ್ಕಸಮ್ಮತವಲ್ಲ. ಅಕ್ಷಿಪಟಲದ ಅನುವಂಶಿಕ ರೋಗಗಳಂತೂ ಈ ಸಾಕ್ಷಿಯ ಕೈಗೆ ಸಿಕ್ಕುವುದೇ ಇಲ್ಲ. ಕಾಲದ ತೊಡಕೂ ಉಂಟು. ಮಸೂರದ ಹಿಂದೆ ಕಾಣುವ ರಕ್ತನಾಳದ ಸಣ್ಣ ಗೆರೆ ಗರ್ಭದ ನಡುಗಾಲದಲ್ಲಿ ಸಹಜ. ಕೊನೆಯ ತಿಂಗಳುಗಳಲ್ಲಿ ಮಾಯವಾಗದಿದ್ದರೆ ಅದೇ ದೋಷದ ಸೂಚನೆ.

ಯಂತ್ರದ ಹೊಗಳಿಕೆಯಲ್ಲಿ ಮಾತಿನ ಬೆಲೆಯನ್ನು ಮರೆಯಲಾಗದು. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟುಪೊರೆಗೂ ತಾಯಿಗೆ ಗರ್ಭದ ಆರಂಭದಲ್ಲಿ ತಗುಲಿದ ರುಬೆಲ್ಲ ಜ್ವರಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದದ್ದು ತಾಯಂದಿರ ಪೂರ್ವವೃತ್ತಾಂತದಿಂದ.

ಪೊರೆಯನ್ನು ಮೊದಲೇ ಕಂಡುಕೊಳ್ಳುವುದರ ಪ್ರಯೋಜನವೇನೆಂಬ ಪ್ರಶ್ನೆಗೂ ಉತ್ತರ ಬೇಕು. ಹ್ಯೂಬೆಲ್ ಮತ್ತು ವೀಸೆಲ್ ಅವರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳು, ಎಳೆತನದಲ್ಲಿ ಕಣ್ಣಿಗೆ ಸ್ಪಷ್ಟ ಚಿತ್ರ ದೊರೆಯದಿದ್ದರೆ ಮೆದುಳು ನೋಡುವುದನ್ನು ಕಲಿಯದೆಂದು ತೋರಿಸಿಕೊಟ್ಟವು. ದಟ್ಟವಾದ ಹುಟ್ಟುಪೊರೆಯನ್ನು ಮಗುವಿನ ಮೊದಲ ಆರೆಂಟು ವಾರಗಳಲ್ಲೇ ತೆಗೆಯಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದ. ಹಾಗಾದರೆ ಗರ್ಭದಲ್ಲಿ ಪತ್ತೆಯಾದ ಪೊರೆಯು ಶಸ್ತ್ರಚಿಕಿತ್ಸೆಯ ಸಿದ್ಧತೆಗೆ ಅವಕಾಶ ಕೊಡುವ ಶುಭವಾರ್ತೆಯೂ ಆಗಬಹುದು. 2021ರ ತಿದ್ದುಪಡಿಯ ಅನಂತರ ನಮ್ಮ ಕಾನೂನು, ಭ್ರೂಣದಲ್ಲಿ ಗಣನೀಯ ವೈಕಲ್ಯವಿದ್ದಲ್ಲಿ, ವೈದ್ಯಮಂಡಲಿಯ ನಿರ್ಣಯದಂತೆ 24 ವಾರಗಳ ಆಚೆಗೂ ಗರ್ಭಪಾತಕ್ಕೆ ಎಡೆಗೊಡುತ್ತದೆ. ಬೇರೆ ದೋಷವಿಲ್ಲದ ಪೊರೆಯನ್ನೂ ಕಣ್ಣೇ ಇಲ್ಲದ ಸ್ಥಿತಿಯನ್ನೂ ‘ನೇತ್ರವೈಕಲ್ಯ’ವೆಂಬ ಒಂದೇ ಹೆಸರಿನಡಿ ಸೇರಿಸುವ ವರದಿಯು ಅಂಥ ಸನ್ನಿವೇಶದಲ್ಲಿ ಅಪಾಯಕಾರಿ.

ಶಿಶು ಹುಟ್ಟಿದ ಮೇಲೆ ಕತ್ತಲ ಕೋಣೆಯಲ್ಲಿ ಆಫ್ತಾಲ್ಮೋಸ್ಕೋಪಿನ ಬೆಳಕನ್ನು ಎರಡು ಪಾಪೆಗಳಿಗೂ ಹಾಯಿಸಿ, ಕೆಂಪು ಹೊಳಪು ಸಮವಾಗಿ ಮರಳುತ್ತದೆಯೇ ಎಂದು ನೋಡಲು ಕೆಲವೇ ನಿಮಿಷ ಸಾಕು. ಶಬ್ದಕ್ಕೆ ತಿಳಿಯದ ಪೊರೆ ಅಲ್ಲಿ ಕಪ್ಪು ನೆರಳಾಗಿ ಎದ್ದು ಕಾಣುತ್ತದೆ. ಗರ್ಭದ ವರದಿ ಎಷ್ಟೇ ತೃಪ್ತಿಕರವಾಗಿರಲಿ, ಆ ಪರೀಕ್ಷೆಯನ್ನು ಬಿಡಲು ಅದು ಕಾರಣವಾಗಲಾರದು.