ಯೆಜ್ಡಿಗೆ ಹೊಸ ಸೈಲೆನ್ಸರ್

ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ-ಯೆಜ್ಡಿ ದಿನದಂದು ಸಾಲಾಗಿ ನಿಲ್ಲುವ ಬೈಕುಗಳಲ್ಲಿ ಮೊದಲು ಕಣ್ಸೆಳೆಯುವುದು ಎರಡೂ ಬದಿಗೆ ಉದ್ದಕ್ಕೆ ಚಾಚಿದ ಸೈಲೆನ್ಸರ್‌ಗಳು. ಸಿಲಿಂಡರ್ ಒಂದೇ, ಹೊಗೆ ಕೊಳವೆ ಎರಡು. ಇವನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಅಸಲಿ ಬಿಡಿಭಾಗ ಸಿಗುವುದು ಅಪರೂಪವಾಗಿ, ಆ ಜಾಗಕ್ಕೆ ಮಾರುಕಟ್ಟೆಯ ಪ್ರತಿಕೃತಿಗಳು ಬಂದಿವೆ. ಹಾಕಿಸುವವರು ನೋಡುವುದು ಕ್ರೋಮ್‌ನ ಹೊಳಪು ಮತ್ತು ಸದ್ದು. ನನ್ನ ತಕರಾರು ಇರುವುದು ಇಲ್ಲೇ.

ಈ ಹಳೆಯ ಬೈಕುಗಳ ಟೂ-ಸ್ಟ್ರೋಕ್ ಇಂಜಿನ್‌ಗೆ ವಾಲ್ವ್‌ಗಳಿಲ್ಲ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್ ಮಿಶ್ರಣ ಬರುವ ಕಿಂಡಿಯೂ ಕೊಂಚ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆ ಗಳಿಗೆಯಲ್ಲಿ ಸುಡದ ಮಿಶ್ರಣ ಹೊಗೆಯ ಬೆನ್ನಿಗೇ ಹೊರಟುಹೋಗದಂತೆ ತಡೆಯುವುದರಲ್ಲಿ ಸೈಲೆನ್ಸರ್‌ನಿಂದ ಮರಳಿ ಬರುವ ಒತ್ತಡದ ಅಲೆಗೆ ದೊಡ್ಡ ಪಾಲಿದೆ. ಅಂದರೆ ಸೈಲೆನ್ಸರ್ ಇಂಜಿನ್ನಿನದೇ ಅಂಗ. ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ‘ಫ್ರೀ ಫ್ಲೋ’ ಮಾಡಿಸಿದರೆ ಸದ್ದು ಏರುತ್ತದೆ, ಕೆಳವೇಗದ ಎಳೆತ ಇಳಿಯುತ್ತದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗೇರ್ ಇಳಿಸುತ್ತಲೇ ಇರಬೇಕಾಗುತ್ತದೆ. ಬದಲಾವಣೆಯ ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ಕಾಫಿ ಬಣ್ಣವಿದ್ದರೆ ಸರಿ, ಬೆಳ್ಳಗಾಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಪಿಸ್ಟನ್ ಕಾಯುತ್ತಿದೆ. ಇದು ಸಾಲದೆಂಬಂತೆ, ಮಾರ್ಪಡಿಸಿದ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನೂ ಕಂಡಿದ್ದೇವೆ.

ಜೋಡಿಸುವ ಕೆಲಸವಂತೂ ಇನ್ನೂ ಒರಟು. ಪ್ರತಿಕೃತಿಯ ಬಾಗು ಅಸಲಿಗಿಂತ ಅರ್ಧ ಬೆರಳು ಆಚೀಚೆ ಇರುವುದುಂಟು. ಗ್ಯಾರೇಜಿನಲ್ಲಿ ಮೊದಲು ಹಿಂಬದಿಯ ಬ್ರ್ಯಾಕೆಟ್ ಬಿಗಿದು, ಆಮೇಲೆ ಕೊಳವೆಯನ್ನು ಎಳೆದು ಸಿಲಿಂಡರ್‌ಗೆ ಕೂರಿಸುತ್ತಾರೆ. ಅಲ್ಲಿನ ದುಂಡು ನಟ್ಟಿಗೆ ಕೊಕ್ಕೆ ಸ್ಪ್ಯಾನರ್ ಬೇಕು. ಅದಿಲ್ಲದೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ನಟ್ ಓರೆಯಾಗಿ ಹತ್ತುತ್ತದೆ, ಸಿಲಿಂಡರಿನ ಥ್ರೆಡ್ ಹೋಗುತ್ತದೆ. ಸೈಲೆನ್ಸರ್ ಇನ್ನೊಂದು ಸಿಗಬಹುದು, ಸಿಲಿಂಡರ್ ಸುಲಭಕ್ಕೆ ಸಿಗುವುದಿಲ್ಲ. ಸರಿಯಾದ ಕ್ರಮ ಇದರ ತಿರುಗುಮುರುಗು: ಹೊಸ ಗ್ಯಾಸ್ಕೆಟ್ ಇಟ್ಟು, ಎಲ್ಲವನ್ನೂ ಸಡಿಲವಾಗಿ ನೇತುಹಾಕಿ, ನಟ್ಟನ್ನು ಬರಿಗೈಯಲ್ಲಿ ಪೂರ್ತಿ ತಿರುಗಿಸಬೇಕು. ಕೈಗೆ ತಿರುಗದಿದ್ದರೆ ಕೊಳವೆಯ ಬಾಗನ್ನೇ ತಿದ್ದಬೇಕು. ಬಿಗಿಯುವಾಗ ಮೊದಲು ನಟ್, ಆಮೇಲೆ ಕ್ಲಾಂಪ್, ಕೊನೆಗೆ ಬ್ರ್ಯಾಕೆಟ್. ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ನಟ್ಟನ್ನು ಇನ್ನೊಮ್ಮೆ ನೋಡಬೇಕು.

ಹಳೆಯ ಸೈಲೆನ್ಸರ್‌ನ ತಗಡು ತುಕ್ಕು ತಿಂದು ಪುಡಿಯಾಗಿಲ್ಲವಾದರೆ ಅದನ್ನೇ ಉಳಿಸಿಕೊಳ್ಳುವುದು ಮೇಲು. ಬ್ಯಾಫಲ್ ಬಿಚ್ಚಿ, ವರ್ಷಗಳ ಎಣ್ಣೆ ಮಸಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೆಗೆದರೆ ಸತ್ತಂತಿದ್ದ ಇಂಜಿನ್ ಉಸಿರಾಡುತ್ತದೆ. ತೂತಿಗೆ ವೆಲ್ಡಿಂಗ್, ಅದರ ಮೇಲೆ ನಿಕಲ್, ಆಮೇಲೆ ಕ್ರೋಮ್. ಹೊಸದೇ ಬೇಕೆಂದಾದರೆ ಹಣ ಕೊಡುವ ಮುನ್ನ ಬ್ಯಾಫಲ್ ಹೊರತೆಗೆಸಿ ನೋಡಿ. ಒಳಗೇ ಬೆಸೆದುಬಿಟ್ಟಿದ್ದರೆ ಮುಂದೆ ಮಸಿ ತೆಗೆಯಲು ದಾರಿಯಿರದು. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.