ಆರತಿಗೊಬ್ಬಳು, ಕೀರ್ತಿಗೊಬ್ಬ, ಮಾತ್ರೆ ನುಂಗೋಳು ಯಾರು?

"ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ." ಕನ್ನಡದಲ್ಲಿ ಬಹಳ ಜನ ಓದಿರುವ, ಯಾರೂ ವಿಮರ್ಶೆ ಬರೆಯದ ಸಾಲು ಇದು. ಬರೆದವರ ಹೆಸರಿಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಗೊಬ್ಬರ, ಸಿಮೆಂಟು ಜಾಹೀರಾತುಗಳ ನಡುವೆ, ಕೆಂಪು ತ್ರಿಕೋನದ ಪಕ್ಕ ಇಂಥ ಗೋಡೆಬರಹ ಓದಿಕೊಂಡೇ ಬೆಳೆದವರು ನಾವು.

ಸಾಲು ಚೆನ್ನಾಗಿದೆ, ಒಪ್ಪೋಣ. ಪ್ರಾಸ ಇದೆ, ಬಾಯಲ್ಲಿ ನಿಲ್ಲುತ್ತೆ. ಆದರೆ ಸ್ವಲ್ಪ ನಿಧಾನಕ್ಕೆ ಓದಿ. ಹುಟ್ಟುವ ಮೊದಲೇ ಇಬ್ಬರು ಮಕ್ಕಳಿಗೂ ಕೆಲಸ ಹಂಚಿಯಾಗಿದೆ: ಮಗಳು ಆರತಿ ಹಿಡಿಯಬೇಕು, ಮಗ ಕೀರ್ತಿ ತರಬೇಕು. ಹೆರುವವಳು ಮಾತ್ರ ಇಡೀ ಸಾಲಿನಲ್ಲಿ ಎಲ್ಲೂ ಇಲ್ಲ. ಅವಳಿಗೆ ತಿಂಗಳು ನಿಂತರೆ ಏನು ಮಾಡಬೇಕು, ಮೂರನೆಯದು ನಿಲ್ಲದಂತೆ ಹೇಗೆ ನೋಡಿಕೊಳ್ಳಬೇಕು ಅನ್ನೋದೂ ಇಲ್ಲ. ಲೆಕ್ಕ ಇದೆ, ದೇಹ ಇಲ್ಲ.

ಇನ್ನೊಂದು ಪದ ನೋಡಿ: ಸಂತಾನಹರಣ ಚಿಕಿತ್ಸೆ. ಸೀತಾಪಹರಣ ಗೊತ್ತು, ವಸ್ತ್ರಾಪಹರಣ ಗೊತ್ತು. ತನ್ನಿಷ್ಟದಿಂದ ಹೆಣ್ಣೊಬ್ಬಳು ಮಾಡಿಸಿಕೊಳ್ಳಬೇಕಾದ ಚಿಕಿತ್ಸೆಗೂ ಹರಣ ಅಂತಲೇ ಹೆಸರಿಟ್ಟವರ ಕಿವಿ ಎಂಥದ್ದಿರಬೇಕು! ನಮ್ಮ ಕಡೆ ಹೆಂಗಸರು ಈ ಪದ ಮುಟ್ಟೋದೇ ಇಲ್ಲ. "ಆಪ್ರೇಸನ್ ಮಾಡುಸ್ಕಂಡೆ ಕನವ್ವ" ಅಂತಾರೆ. ಯಾವ ಆಪರೇಷನ್ ಅಂತ ಯಾರೂ ಕೇಳಲ್ಲ, ಬರೀ ಆಪರೇಷನ್ ಅಂದರೆ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇಕಡ 57ರಷ್ಟು ಜನ ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಶೇಕಡ 1 ಕೂಡ ಇಲ್ಲ. ಕೀರ್ತಿಗೊಬ್ಬ ಅಂದಮೇಲೆ ಅವನನ್ನು ಟೇಬಲ್ ಮೇಲೆ ಮಲಗಿಸೋಕಾಗುತ್ತಾ?

ನಾವು ಈ ವಿಷಯದಲ್ಲಿ ಹಿಂದುಳಿದ ನಾಡಿನವರೂ ಅಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಜಗತ್ತಿನಲ್ಲಿ ಯಾವುದೇ ಸರ್ಕಾರ ಇಟ್ಟ ಇಂಥ ಮೊದಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆಗ ಅದೇ ಸಂಸ್ಥಾನದಲ್ಲಿದ್ದವು. ಅಷ್ಟು ಮುಂಚೆ ಶುರು ಮಾಡಿದವರು ಆಪರೇಷನ್ ಒಂದಕ್ಕೇ ಬಂದು ನಿಂತದ್ದು ಯಾಕೆ?

ಕಾರಣ ಹಲವು. ಎಪ್ಪತ್ತರ ದಶಕದ ಟಾರ್ಗೆಟ್ಟುಗಳಿವೆ, ತುರ್ತು ಪರಿಸ್ಥಿತಿ ಇದೆ. ಬರೆಯುವ, ಓದುವ ನನಗೆ ಕಾಣುವ ಕಾರಣ ಇನ್ನೊಂದು. ಆಪರೇಷನ್‌ಗೆ ಘೋಷಣೆ ಸಾಕು, ಮಾತ್ರೆಗೆ ಗದ್ಯ ಬೇಕು. ಆಪರೇಷನ್ ಅಂದರೆ ಒಂದು ಸಲ ಕರೆದುಕೊಂಡು ಹೋದರೆ ಮುಗೀತು. ಮಾತ್ರೆ ಹಾಗಲ್ಲ, ಅದಕ್ಕೆ ದಿನಾ ತಿಳಿವಳಿಕೆ ಬೇಕು. "ಒಂದು ವೇಳೆ ಹೀಗಾದರೆ ಹಾಗೆ ಮಾಡಿ" ಅನ್ನುವ ಸಾವಧಾನದ ವಾಕ್ಯಗಳು ಬೇಕು. ಆ ಗದ್ಯವನ್ನು ನಾವು ಬರೆಯಲೇ ಇಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ತೆಗೆದುಕೊಳ್ಳಿ. ಒಂದು ಸ್ಟ್ರಿಪ್ಪಿನಲ್ಲಿ 28 ಮಾತ್ರೆ. 21ರಲ್ಲಿ ಹಾರ್ಮೋನು, ಬೇರೆ ಬಣ್ಣದ 7 ಬರೀ ಕಬ್ಬಿಣಾಂಶದ್ದು. ಒಂದು ದಿನ ಮರೆತರೆ ನೆನಪಾದ ತಕ್ಷಣ ನುಂಗಬೇಕು. ಎರಡು-ಮೂರು ದಿನ ಬಿಟ್ಟುಹೋದರೆ ಮಾತ್ರೆ ಮುಂದುವರಿಸುತ್ತಲೇ ಮುಂದಿನ 7 ದಿನ ಕಾಂಡೋಮ್ ಕೂಡ ಬೇಕು. ಬಿಪಿ ಇರುವವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಆರು ತಿಂಗಳೊಳಗಿನ ಮಗುವಿಗೆ ಹಾಲುಣಿಸುವವರು ಇದನ್ನು ನುಂಗಬಾರದು. ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿದ್ದರೆ ಈ ಮಾತ್ರೆಯ ಬಲ ಕುಗ್ಗುತ್ತೆ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳದ್ದೂ ಇದೇ ಕಥೆ. ದಿನಾ ಒಂದೂ ಬಿಡದೆ ನುಂಗಿಯೂ ಬಸುರಾದವಳನ್ನು "ಮರೆತಿರ್ತೀಯ ಬಿಡು" ಅಂತ ಬೈಯುವ ಮೊದಲು ಇದನ್ನು ಕೇಳಿದವರು ಎಷ್ಟು ಜನ? ಹಾಲುಣಿಸುವವರಿಗೆ ಛಾಯಾ ಇದೆ. ಲಖನೌದ ಸಿಡಿಆರ್‌ಐ ಕಂಡುಹಿಡಿದ, ಹಾರ್ಮೋನ್ ಇಲ್ಲದ ಮಾತ್ರೆ ಅದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇದ್ಯಾವುದನ್ನೂ ಪ್ರಾಸದಲ್ಲಿ ಹೇಳೋಕಾಗಲ್ಲ.

ಸರ್ಕಾರ ಬಿಟ್ಟ ಜಾಗವನ್ನು ಮಾರುಕಟ್ಟೆ ತುಂಬಿತು. 2007ರಲ್ಲಿ ಐ-ಪಿಲ್ ಬಂದಾಗ ಟೀವಿ ಜಾಹೀರಾತು "72 ಗಂಟೆ" ಅನ್ನೋದನ್ನು ಇಡೀ ದೇಶಕ್ಕೆ ಬಾಯಿಪಾಠ ಮಾಡಿಸಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅರ್ಧ ನಿಮಿಷದಲ್ಲಿ ಹಿಡಿಸದ ಮಾತುಗಳೇ ಮುಖ್ಯವಾದವು. 72 ಗಂಟೆಯೊಳಗೆ ಅಂದರೆ ಮೂರನೇ ದಿನದವರೆಗೆ ಕಾಯಿರಿ ಅಂತಲ್ಲ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೇದು. ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತೆ. ಆಗಲೇ ನಿಂತ ಬಸಿರಿಗೆ ಅದು ಏನೂ ಮಾಡಲ್ಲ. ಮುಟ್ಟು ಹಿಂದೆಮುಂದೆ ಆಗಬಹುದು. ಒಂದು ವಾರಕ್ಕಿಂತ ತಡವಾದರೆ ಟೆಸ್ಟ್ ಮಾಡಿಕೊಳ್ಳಬೇಕು.

ನಾನು ಬೆಂಗಳೂರಿನಲ್ಲೂ ಗುಂಡ್ಲುಪೇಟೆಯಲ್ಲೂ ಈ ಮಾತ್ರೆ ಕೊಂಡಿದ್ದೇನೆ. ಬೆಂಗಳೂರಿನಲ್ಲಿ ಆ್ಯಪ್‌ನವನು ಮನೆ ಬಾಗಿಲಿಗೇ ತಂದ, ಊರಲ್ಲಿ ಅಂಗಡಿಯವರು ಪೇಪರ್ ಸುತ್ತಿ ಕೊಟ್ಟರು. ಒಳಗಿದ್ದ ಚೀಟಿ ಎರಡೂ ಕಡೆ ಇರುವೆ ಗಾತ್ರದ ಇಂಗ್ಲಿಷಿನಲ್ಲೇ ಇತ್ತು. ನಾವು ಗೂಗಲ್ ಮಾಡ್ಕೋತೀವಿ. ಅಂಗಡಿಯವರ ಮುಖ ನೋಡೋಕೂ ಹಿಂಜರಿದು, ಪರಿಚಯದವರು ಯಾರಿದ್ದಾರೋ ಅಂತ ಆಚೀಚೆ ನೋಡಿ ಕೊಂಡುಹೋಗುವವಳು ಯಾರನ್ನು ಕೇಳಬೇಕು?

ಸಿನಿಮಾದವರಾದರೂ ನೆರವಿಗೆ ಬಂದರಾ? ನಮ್ಮ ಸಿನಿಮಾದಲ್ಲಿ ಬಸಿರು ಅಂದರೆ ಒಂದೇ ಸೀನು. ನಾಯಕಿ ಬಚ್ಚಲಿಗೆ ಓಡಬೇಕು, ಡಾಕ್ಟರಮ್ಮ ನಾಡಿ ಹಿಡಿದು ನಗಬೇಕು. ಮದುವೆಯಾಗಿದ್ದರೆ ಸ್ವೀಟು, ಆಗದಿದ್ದರೆ ಕೆರೆ. ನಡುವೆ ಒಂದು ಪ್ರಶ್ನೆ ಇಲ್ಲ, ಒಂದು ಟೆಸ್ಟ್ ಇಲ್ಲ, ಒಂದು ಆಯ್ಕೆ ಇಲ್ಲ. ತ್ರಿವೇಣಿ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ 'ಶರಪಂಜರ' ನನಗೆ ಇವತ್ತಿಗೂ ದೊಡ್ಡದಾಗಿ ಕಾಣೋದು ಇದಕ್ಕೇ. ಎರಡನೇ ಹೆರಿಗೆಯ ನಂತರ ಒಬ್ಬಳ ಮನಸ್ಸಿಗೆ ಏನಾಯಿತು, ಮನೆಯವರು ಅವಳನ್ನು ಹೇಗೆ ನೋಡಿದರು ಅನ್ನೋದನ್ನು ಅವಳ ಪಕ್ಕ ನಿಂತು ತೋರಿಸಿದ ಚಿತ್ರ ಅದು. ತ್ರಿವೇಣಿಯವರೇ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಅನ್ನೋದು ನೆನಪಾದಾಗ ಮಾತು ನಿಲ್ಲುತ್ತೆ.

ಇದೆಲ್ಲ ಬರೀ ಭಾಷೆಯ ತಕರಾರು ಅನ್ನಿಸಬಹುದು. ಗರ್ಭಪಾತದ ಮಾತ್ರೆಗಳನ್ನು ನೋಡಿ. ಕಾನೂನಿನ ಪ್ರಕಾರ ಡಾಕ್ಟರ ಚೀಟಿ ಬೇಕು, 9 ವಾರದೊಳಗೆ ಆಗಬೇಕು. ನೋಡಿಕೊಂಡು ಕೊಟ್ಟರೆ ಸುರಕ್ಷಿತ ಮಾತ್ರೆಯೇ. ಆದರೆ ಎಷ್ಟು ವಾರ ಅಂತ ಲೆಕ್ಕ ಹಾಕದೆ, ಗಂಡನೋ ಗೆಳೆಯನೋ "ಕಿಟ್" ಅಂತ ತಂದುಕೊಟ್ಟದ್ದನ್ನು ನುಂಗಿದರೆ ಅರ್ಧಂಬರ್ಧ ಗರ್ಭಪಾತವಾಗಿ ರಕ್ತ ಹರಿಯುತ್ತಲೇ ಇರಬಹುದು. ಮೊದಲೇ ರಕ್ತ ಕಡಿಮೆ ಇರುವವಳಿಗೆ ಅದು ಪ್ರಾಣಕ್ಕೇ ಬರುತ್ತೆ. ಬಸಿರು ಗರ್ಭಕೋಶದ ಬದಲು ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸವನ್ನೇ ಮಾಡಲ್ಲ. ರಕ್ತ ಹೋಯಿತಲ್ಲ, ಎಲ್ಲ ಸರಿಹೋಯಿತು ಅಂತ ಅವಳು ಹೊಲಕ್ಕೆ ಹೋಗಿರುತ್ತಾಳೆ, ಒಳಗೆ ನಾಳ ಒಡೆಯುತ್ತೆ. ಒಂದೇ ಕಡೆ ಕಿಬ್ಬೊಟ್ಟೆ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳೋದು. ಈ ಮೂರು ಲಕ್ಷಣ ಕನ್ನಡದಲ್ಲಿ ಎರಡು ಸಾಲು ಕೂಡ ಆಗಲ್ಲ. ಹಳ್ಳಿಯಿಂದ ಆಂಬುಲೆನ್ಸ್ ಹಿಡಿದು ಚಾಮರಾಜನಗರಕ್ಕೋ ಮೈಸೂರಿಗೋ ತಲುಪುವ ಹೊತ್ತಿಗೆ ಆ ಎರಡು ಸಾಲಿನ ಬೆಲೆ ಗೊತ್ತಾಗುತ್ತೆ.

ಇಷ್ಟೆಲ್ಲ ಬರಹಗಳ ನಡುವೆ ನನಗೆ ನಿಜಕ್ಕೂ ಮೆಚ್ಚುಗೆಯಾದ ಒಂದು ಪಠ್ಯವಿದೆ. ಗರ್ಭಪಾತ ಕಾಯ್ದೆಯ ಫಾರಂ ಸಿ. 18 ತುಂಬಿದ ಹೆಣ್ಣಾದರೆ ಅದರಲ್ಲಿ ಒಬ್ಬಳದ್ದೇ ಸಹಿ, ಅವಳದ್ದು. ಗಂಡನ ಸಹಿ ತನ್ನಿ, ಅತ್ತೆ ಬರಲಿ ಅನ್ನುವ ಮಾತು ಆ ಕಾನೂನಿನಲ್ಲಿಲ್ಲ. 2021ರ ತಿದ್ದುಪಡಿ "ಗಂಡ" ಎಂದಿದ್ದ ಕಡೆ "ಸಂಗಾತಿ" ಅಂದಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣಿಗೂ 24 ವಾರದ ನಿಯಮ ಅನ್ವಯ ಅಂದಿತು. ಆರತಿ ಕೀರ್ತಿಗಳ ಹಂಗಿಲ್ಲದ ಗದ್ಯ ಅಂದರೆ ಇದು.

ಇನ್ನೊಂದು ಒಳ್ಳೆಯ ಪಠ್ಯವನ್ನು ನಾನು ಓದಲಿಲ್ಲ, ಕೇಳಿದೆ. ನಮ್ಮ ಕಡೆಯ ಒಬ್ಬ ಆಶಾ ಅಕ್ಕ ಹೊಸದಾಗಿ ಮದುವೆಯಾದ ಹುಡುಗಿಗೆ ಸ್ಟ್ರಿಪ್ ಕೊಡುತ್ತಾ ಹೇಳಿದ್ದು: "ಒಂದ ಮರ್ತ್ರೆ ಗ್ಯಾನ ಬಂದಾಗ್ಲೇ ನುಂಗ್ಬುಡು ಕನವ್ವ. ಎಲ್ಡು ಮರ್ತ್ರೆ ನನ್ನ ಕೂಗು. ಕಾಲು ನೋವು ಬಂದು ಊದುದ್ರೆ, ಎದೆ ನೋವು ಬಂದ್ರೆ ಮಾತ್ರ ಕಾಯ್ಬೇಡ, ಸೀದಾ ಆಸ್ಪತ್ರಗೆ ಓಗು." ಮೂರು ವಾಕ್ಯ. ಕೇಳುವವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು. ಎಚ್ಚರಿಕೆ ಇದೆ, ಗದರಿಕೆ ಇಲ್ಲ.

ಈ ಮೂರು ವಾಕ್ಯವನ್ನು ಇದೇ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಪ್ರತಿ ಸ್ಟ್ರಿಪ್ಪಿನ ಜೊತೆ ಕೊಡೋಕೆ ಏನು ಕಷ್ಟ? ಕಂಟೆಂಟ್ ಬರೆದು ಸಂಬಳ ತಗೊಳ್ಳೋರು ನಮ್ಮಲ್ಲಿ ಎಷ್ಟೊಂದು ಜನ ಇದ್ದೀವಿ, ಅಲ್ವಾ?